ಕೆಂಚನ ಅರಳುಮರಳು

ಹಿತ್ತಲ ಬಾಗಿಲಲ್ಲಿ ಹದಿನಾಲ್ಕು ವರ್ಷ ಓಡಾಡಿದ ನಾಯಿ ಒಂದು ಬೆಳಿಗ್ಗೆ ಚಿಲಕದ ಕಡೆ ಬಿಟ್ಟು ಹಿಂಜಸ್ ಇರುವ ಕಡೆ ಹೋಗಿ ನಿಂತಿತು. ನಾನು ಬಾಗಿಲು ತೆರೆದೆ. ಕೆಂಚ ಅಲ್ಲೇ, ಬಾಗಿಲಿಗೂ ಗೋಡೆಗೂ ನಡುವಿನ ಸಂದಿಯನ್ನೇ ನೋಡುತ್ತಾ, ಮೆಲ್ಲಗೆ ಬಾಲ ಅಲ್ಲಾಡಿಸುತ್ತಾ ಕಾಯುತ್ತಿದ್ದ. ಕಣ್ಣು ಮಂಜಾಗಿರಬೇಕು ಅಂದುಕೊಂಡು ಸುಮ್ಮನಾದೆ.

ಆಮೇಲೆ ರಾತ್ರಿಯ ನಡಿಗೆ ಶುರುವಾಯಿತು. ಹಗಲೆಲ್ಲ ನಿದ್ದೆ, ರಾತ್ರಿ ಎರಡಕ್ಕೆ ಎದ್ದು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ. ರೆಡ್ ಆಕ್ಸೈಡ್ ನೆಲದ ಮೇಲೆ ಉಗುರಿನ ಟಕಟಕ ಸದ್ದು. ಒಂದು ರಾತ್ರಿ ಸದ್ದು ತಟ್ಟನೆ ನಿಂತಿತು. ಹೋಗಿ ನೋಡಿದರೆ ಅಕ್ಕಿ ಡ್ರಮ್ಮಿನ ಹಿಂದೆ ತಲೆ ತೂರಿಸಿ ನಿಂತಿದ್ದಾನೆ, ಹಿಂದಕ್ಕೆ ಸರಿಯುವುದೇ ಮರೆತುಹೋಗಿದೆ. ಮರುದಿನ ದೇವರ ಕೋಣೆ ಮುಂದೆ ಉಚ್ಚೆ ಹೊಯ್ದಾಗ ನಾನು ಜೋರಾಗಿ ಗದರಿದೆ. ಆ ಬೈಗುಳ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ತಡೆದದ್ದು ಅಮ್ಮ. "ಬೈಬೇಡ ಕಣೇ. ನಮ್ಮಜ್ಜಿ ಊಟ ಮಾಡಿ ಕೈ ತೊಳ್ಕೊಂಡು ಬಂದು, ಊಟ ಯಾವಾಗ ಅಂತ ಕೇಳ್ತಿದ್ರು. ಇದಕ್ಕೂ ಅರಳುಮರಳು" ಅಂದರು.

ಮೊದಲು ತೋರಿಸಿದ ವೈದ್ಯರು "ವಯಸ್ಸಾಯ್ತಲ್ಲ" ಎಂದು ಕಳಿಸಿಬಿಟ್ಟರು. ಎರಡನೆಯ ವೈದ್ಯೆ ಪೂರ್ತಿ ಕೇಳಿಸಿಕೊಂಡು, ಅಮ್ಮ ಹೇಳಿದ್ದು ಸರಿಯಿರಬಹುದು ಎಂದರು. ಮನುಷ್ಯರ ಆಲ್ಝೈಮರ್ಸ್‌ನಲ್ಲಿ ಆಗುವಂತೆ ಮುದಿ ನಾಯಿಗಳ ಮಿದುಳಲ್ಲೂ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗುತ್ತದೆ. ಅಪರೂಪದ್ದೂ ಅಲ್ಲ: ಕ್ಯಾಲಿಫೋರ್ನಿಯಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇ. 28ರಷ್ಟಕ್ಕೆ, 15-16 ವರ್ಷದವುಗಳಲ್ಲಿ ಶೇ. 68ರಷ್ಟಕ್ಕೆ ಒಂದಾದರೂ ಲಕ್ಷಣವಿತ್ತು. ಆದರೆ ಇದನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆ ಇಲ್ಲ. ಉಳಿದ ಕಾಯಿಲೆಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಮೂತ್ರದ ಸೋಂಕು, ಕಿಡ್ನಿ, ಥೈರಾಯ್ಡ್, ಕಣ್ಣು, ಕಿವಿ ಎಲ್ಲ ನೋಡಿದರು. ಹಿಂಗಾಲಿನ ಕೀಲುನೋವು ಸಿಕ್ಕಿತು. ಅದಕ್ಕೆ ಔಷಧಿ ಕೊಟ್ಟ ಮೇಲೆಯೇ ರಾತ್ರಿಯ ಓಡಾಟ ಸ್ವಲ್ಪ ತಗ್ಗಿತು. ಈ ಪರೀಕ್ಷೆಗಳನ್ನು ಮಾತ್ರ ಯಾರೂ ಬಿಡಬಾರದು.

ಬಳಿಕ ಸೆಲೆಜಿಲಿನ್ ಬರೆದರು. ಮನುಷ್ಯರಿಗೆ ಪಾರ್ಕಿನ್ಸನ್ಸ್‌ಗೆ ಕೊಡುವ ಮಾತ್ರೆ ಅದು. ಬರೆಯುವ ಮೊದಲು ಅವರು ಕೇಳಿದ್ದು, "ಉಣ್ಣಿಗೆ ಏನು ಹಾಕ್ತೀರಿ?" ನಾವು ಹಚ್ಚುತ್ತಿದ್ದುದು ಅಮಿಟ್ರಾಜ್ ದ್ರಾವಣ. ಎರಡೂ ಒಟ್ಟಿಗೆ ಅಪಾಯವಂತೆ, ಉಣ್ಣಿಯ ಔಷಧಿ ಬದಲಾಯಿಸಿದೆವು. ಅವರು ಕೇಳದಿದ್ದರೆ ನನಗದು ಹೊಳೆಯುತ್ತಲೇ ಇರಲಿಲ್ಲ. ಪರಿಣಾಮ ಕಾಣಲು ಒಂದು ತಿಂಗಳಿಗಿಂತ ಹೆಚ್ಚೇ ಹಿಡಿಯಿತು. ಯಾರೋ ಹೇಳಿದರೆಂದು ಅನ್ನಕ್ಕೆ ತೆಂಗಿನೆಣ್ಣೆ ಸುರಿದು ನೋಡಿದೆ, ಭೇದಿಯಾಯಿತು. ಮುದಿ ನಾಯಿಗಳ ಆಹಾರದಲ್ಲಿ ಬಳಸುವ, ತೆಂಗಿನೆಣ್ಣೆಯಂಥವುಗಳಿಂದ ಬೇರ್ಪಡಿಸಿ ತೆಗೆದ ಎಂಸಿಟಿ ಎಂಬ ಎಣ್ಣೆಯೇ ಬೇರೆ, ಅಡುಗೆಮನೆಯ ತೆಂಗಿನೆಣ್ಣೆಯೇ ಬೇರೆ.

ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದ್ದು ಮನೆಯನ್ನು ಅವನಿಗೆ ಹೊಂದಿಸಿದ್ದು ಅಂತ ನನ್ನ ನಂಬಿಕೆ. ಡ್ರಮ್ಮಿನ ಹಿಂದೆ, ಬೀರುವಿನ ಪಕ್ಕ ದಿಂಬು ತುರುಕಿ ಸಂದಿ ಮುಚ್ಚಿದೆ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲಿಗೆ ಹಳೇ ಯೋಗ ಮ್ಯಾಟು ಕತ್ತರಿಸಿ ಉದ್ದಕ್ಕೆ ಹಾಸಿದೆ. ಕಾಲು ಜಾರುವುದೂ ನಿಂತಿತು, ಪಾದಕ್ಕೆ ದಾರಿಯೂ ಗೊತ್ತಾಯಿತು. ರಾತ್ರಿ ಜೀರೋ ಬಲ್ಬ್. ಕುರ್ಚಿ, ಮೇಜು ಯಾವುದೂ ಜಾಗ ಬಿಟ್ಟು ಕದಲುವಂತಿಲ್ಲ, ಹಬ್ಬಕ್ಕೂ ಇಲ್ಲ. ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯುತ್ತೇನೆ. ಸಂಜೆ ಹಳೇ ಟವೆಲ್ಲಿನ ಮಡಿಕೆಗಳಲ್ಲಿ ಬೇಯಿಸಿದ ಮೊಟ್ಟೆಯ ಚೂರು ಬಚ್ಚಿಡುತ್ತೇನೆ. ಮೂಗಿಗೆ ಮರೆವು ಅಷ್ಟಾಗಿ ತಟ್ಟಿಲ್ಲ, ಹತ್ತು ನಿಮಿಷ ಹಳೇ ಕೆಂಚನೇ ಆಗಿಬಿಡುತ್ತಾನೆ. ಒಮ್ಮೆ ಗೇಟು ದಾಟಿ ಹೋಗಿ ಪಕ್ಕದ ಬೀದಿಯಲ್ಲಿ ಸಿಕ್ಕ, ಅಂದಿನಿಂದ ಕೊರಳಪಟ್ಟಿಯಲ್ಲಿ ನನ್ನ ಫೋನ್ ನಂಬರ್ ಇದೆ.

ವೈದ್ಯೆ ಹೇಳಿದಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೇನೆ, ನಿದ್ದೆ ಮಾಡಿದ ರಾತ್ರಿಗೆ ಹಸಿರು ಚುಕ್ಕೆ, ಅಲೆದಾಡಿದ ರಾತ್ರಿಗೆ ಕೆಂಪು. ಕೆಂಪು ಹಸಿರನ್ನು ಮೀರಿ, ಅನ್ನವನ್ನೂ ಬಿಟ್ಟ ದಿನ ಕೂತು ಮಾತಾಡೋಣ ಎಂದಿದ್ದಾರೆ. ಹೋದ ತಿಂಗಳು 19 ಹಸಿರು. ಬಾಗಿಲ ಬಳಿ ಈಗಲೂ ಹಿಂಜಸ್ ಕಡೆಗೇ ಹೋಗುತ್ತಾನೆ. ಕೊರಳಿಗೆ ಕೈಯಿಟ್ಟು ಈ ಕಡೆ ತಿರುಗಿಸಿದರೆ ಬರುತ್ತಾನೆ.