ಸುಟ್ಟ ಮೂಳೆಯ ಶಾಖ ಪತ್ತೆ: ಪುಣೆಯಲ್ಲಿ ಎಫ್‌ಟಿಐಆರ್, ನನ್ನ ಅನುಭವ

ಮಣ್ಣಲ್ಲಿ ಸಿಕ್ಕ ಕಪ್ಪು ಮೂಳೆಯೆಲ್ಲ ಸುಟ್ಟದ್ದಲ್ಲ. ಮ್ಯಾಂಗನೀಸ್ ಕಲೆ ಕೂತ ಚೂರೂ ಇದ್ದಿಲಿನ ಹಾಗೇ ಕಾಣುತ್ತೆ. ಬಣ್ಣ ಬಿಟ್ಟು, ಮೂಳೆಯ ಖನಿಜ ಅತಿಗೆಂಪು ಬೆಳಕನ್ನು ಹೇಗೆ ಹೀರುತ್ತೆ ಅಂತ ಎಫ್‌ಟಿಐಆರ್ ಯಂತ್ರದಲ್ಲಿ ನೋಡಿ, ಎಷ್ಟು ಶಾಖಕ್ಕೆ ಸುಟ್ಟಿತ್ತು ಅಂತ ಹೇಳ್ತೀನಿ ಅಂದಾಗ, "ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಸ್ಫಟಿಕ ನೋಡುವ ಪರೀಕ್ಷೆ) ಮಾಡಿಸಿ, ಎಫ್‌ಟಿಐಆರ್‌ನಲ್ಲಿ ಶಾಖ ಹೇಳೋದು ಗಿಣಿಶಾಸ್ತ್ರ" ಅಂದವರೇ ಹೆಚ್ಚು. ಅದೇ ಜನ ಶಾಖ ಗುಟ್ಟಾಗಿಟ್ಟು ಸುಟ್ಟುಕೊಟ್ಟ 12 ಚೂರಿನಲ್ಲಿ 10ಕ್ಕೆ 100 ಡಿಗ್ರಿ ಸೆಲ್ಸಿಯಸ್ ಆಚೀಚೆಯೊಳಗೆ ಉತ್ತರ ಕೊಟ್ಟಿದ್ದಾಯ್ತು. ತಪ್ಪಿದ ಎರಡೂ 400ರ ಕೆಳಗಿನವು.

ಮೊದಲ ದುಡ್ಡು ಹೋದದ್ದು ಎಟಿಆರ್ ಹರಳಿನಿಂದ, ಅಂದರೆ ಪುಡಿಯನ್ನು ನೇರ ಒತ್ತಿಟ್ಟು ಅಳೆಯುವ ಹರಳಿನಿಂದ. ಹೊರಗಿನ ಒಂದು ಲ್ಯಾಬಿಗೆ 24 ಮಾದರಿ ಕೊಟ್ಟೆ, ತಲಾ ಸುಮಾರು 400 ರೂಪಾಯಿ. ಅಲ್ಲಿದ್ದದ್ದು ಜಿಂಕ್ ಸೆಲೆನೈಡ್. ಸ್ಪೆಕ್ಟ್ರಮ್ 650 cm⁻¹ಗೇ ನಿಂತಿತು (ಮುಂದೆ ಬರುವ ಪೀಕ್‌ಗಳ ಅಂಕಿಯೆಲ್ಲ ಇದೇ ಅಲೆಸಂಖ್ಯೆಯ ಅಳತೆ, ಡಿಗ್ರಿ ಅಲ್ಲ). ನಮಗೆ ಬೇಕಾದ ಫಾಸ್ಫೇಟಿನ ಜೋಡಿ ಪೀಕ್ ಇರೋದು 565 ಮತ್ತು 605ರಲ್ಲಿ! ಹತ್ತು ಸಾವಿರದ ಹತ್ತಿರ ನೀರಲ್ಲಿ ಹೋಮ. ಬುಕ್ ಮಾಡುವ ಮುಂಚೆ ಎರಡು ಮಾತು ಕೇಳಿ: ಹರಳು ವಜ್ರದ್ದೇ? ಡಿಟೆಕ್ಟರ್ ಡಿಟಿಜಿಎಸ್ಸೇ? ಎಂಸಿಟಿ ಅನ್ನುವ ಇನ್ನೊಂದು ಬಗೆಯ ಡಿಟೆಕ್ಟರ್ ಇದ್ದರೂ ಸಾಮಾನ್ಯವಾಗಿ 600ರ ಆಸುಪಾಸಿನಲ್ಲೇ ಕೈ ಎತ್ತುತ್ತೆ.

ಹೋಲಿಕೆಗೆ ಬೇರೆಯವರ ಪ್ರಬಂಧದ ಅಂಕಿ ತಂದು ಕೂರಿಸೋದು ಎರಡನೇ ತಪ್ಪು. ನಿಮ್ಮ ಯಂತ್ರ, ನಿಮ್ಮ ಕೈ, ಗೊತ್ತಿರುವ ಶಾಖದಲ್ಲಿ ಸುಟ್ಟ ನಿಮ್ಮದೇ ಮೂಳೆಗಳ ಸರಣಿ ಬೇಕು. ಕಟುಕರಲ್ಲಿ ದನದ ಮೂಳೆ ಇಲ್ಲಿ ಸಿಗದು. 2015ರಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಕಾನೂನು ತಿದ್ದುಪಡಿಯಿಂದ ಎತ್ತು, ಹೋರಿಯೂ ಹತ್ಯೆ ನಿಷೇಧದೊಳಗೆ ಬಂದವು. ಹಾಗಾಗಿ ಪುಣೆಯ ಕ್ಯಾಂಪ್ ಬಡಾವಣೆಯ ಮಟನ್ ಅಂಗಡಿಯಿಂದ ಮೇಕೆಯ ಹಿಂಗಾಲಿನ ನಳ್ಳಿ (ಮಜ್ಜೆ ತುಂಬಿದ ಕೊಳವೆ ಮೂಳೆ), ಜೊತೆಗೆ ಎಮ್ಮೆಯ ಒಂದು ತುಂಡು. ಕುದಿಸಬೇಡಿ, ಮೂಳೆಯ ಪ್ರೋಟೀನ್ ಆದ ಕೊಲಾಜನ್ ಬಿಟ್ಟುಹೋಗುತ್ತೆ. ತಣ್ಣೀರಲ್ಲಿ ನೆನೆಸಿ, ಕೆರೆದು, ಮಜ್ಜೆ ತೆಗೆದು, ಅಸಿಟೋನಿನಲ್ಲಿ ಎರಡು ದಿನ. ಕೊಬ್ಬು ಉಳಿದಿದ್ದರೆ 1745ರಲ್ಲಿ ಪೀಕ್ ತಾನೇ ತಲೆ ಎತ್ತುತ್ತೆ, ಆಗ ಇನ್ನೊಂದು ಸುತ್ತು.

ಒಂದೇ ಮೂಳೆಯ ನಡುಭಾಗದಿಂದ ಉಂಗುರ ಕತ್ತರಿಸಿ 200ರಿಂದ 900 ಡಿಗ್ರಿಯವರೆಗೆ, ನೂರರ ಹೆಜ್ಜೆಯಲ್ಲಿ, ತಲಾ 45 ನಿಮಿಷ ಸುಟ್ಟೆ. ಫರ್ನೇಸಿನ ಪರದೆ ನಂಬಬೇಡಿ. ಬೇರೆ ಥರ್ಮೋಕಪಲ್ ಇಟ್ಟಾಗ ನಮ್ಮದರಲ್ಲಿ ಬಾಗಿಲ ಬಳಿ 30–40 ಡಿಗ್ರಿ ಕಡಿಮೆ ಇತ್ತು. ಮೊದಲ ಸರಣಿ ಪೂರ್ತಿ ದಂಡವಾದದ್ದು ಇದರಿಂದಲೇ. ಕತ್ತರಿಸುವಾಗಲೂ ಬರ್ (ತಿರುಗಿ ಕೊರೆಯುವ ಸಣ್ಣ ಮೊನೆ) ನಿಧಾನವಾಗಿ ತಿರುಗಲಿ. ಸುಟ್ಟ ವಾಸನೆ ಬಂತು ಅಂದರೆ ಆ ಜಾಗ ಕೆಟ್ಟಿತು ಅಂತಲೇ ಲೆಕ್ಕ.

ನಿಜವಾದ ಗೋಳು ಅರೆಯೋದರಲ್ಲಿ. ಆ ಜೋಡಿ ಪೀಕ್ ಎಷ್ಟು ಬೇರ್ಪಟ್ಟಿದೆ ಅಂತ ಹೇಳುವ, ಶಾಖ ಏರಿದರೆ ಏರುವ ಅಂಕಿಯೇ ಸ್ಪ್ಲಿಟಿಂಗ್ ಫ್ಯಾಕ್ಟರ್. ಅದೇ ಪುಡಿ, ಕೈ ಬದಲಾದರೆ ಈ ಅಂಕಿ ಬೇರೆ. ಬಾಲ್ ಮಿಲ್ಲಿಗೆ ಹಾಕಿದರೆ ಸ್ಫಟಿಕಕ್ಕೇ ಪೆಟ್ಟು. ಅಗೇಟ್ ಕಲ್ವದಲ್ಲಿ ಕೈಯಿಂದಲೇ ಅರೆದು, 1 ಮಿಲಿಗ್ರಾಂ ಪುಡಿಗೆ ಸುಮಾರು 200 ಮಿಲಿಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಿ 13 ಮಿಲಿಮೀಟರ್ ಡೈನಲ್ಲಿ ಬಿಲ್ಲೆ ಒತ್ತುತ್ತೇನೆ. ಅಳತೆ ಆದಮೇಲೆ ಬಿಸಾಡೋದಿಲ್ಲ. ಅದೇ ಬಿಲ್ಲೆಯನ್ನು ಮತ್ತೆ ಅರೆದು, ಮತ್ತೆ ಒತ್ತಿ, ಹೀಗೆ ಮೂರು ಸಲ. ಅರೆದಷ್ಟೂ 605ರ ಪೀಕ್ ಕಿರಿದಾಗುತ್ತೆ. ಆ ಅಗಲ ಒಂದು ಅಕ್ಷದಲ್ಲಿ, ಸ್ಪ್ಲಿಟಿಂಗ್ ಫ್ಯಾಕ್ಟರ್ ಇನ್ನೊಂದರಲ್ಲಿ. ಪ್ರತಿ ಶಾಖಕ್ಕೂ ಒಂದು ಚುಕ್ಕಿಯ ಬದಲು ಒಂದು ಗೆರೆ ಸಿಗುತ್ತೆ. ಗೆರೆಗಳನ್ನು ಹೋಲಿಸಿದ ದಿನದಿಂದ ಅಂಕಿಗಳು ಜಗಳ ಬಿಟ್ಟವು.

ಬೇಸ್‌ಲೈನ್ ಸುಮಾರು 495ರಿಂದ 750ಕ್ಕೆ ನೇರ ಎಳೆಯಿರಿ, ಸಾಫ್ಟ್‌ವೇರಿನ ಆಟೋ ಬಟನ್ ಮುಟ್ಟಬೇಡಿ. 565 ಮತ್ತು 605ರ ಎತ್ತರ ಕೂಡಿಸಿ ನಡುವಿನ ಕಣಿವೆಯ, ಅಂದರೆ 590ರಲ್ಲಿನ, ಎತ್ತರದಿಂದ ಭಾಗಿಸಬೇಕು. ರೆಸಲ್ಯೂಷನ್ 4, ಸ್ಕ್ಯಾನ್ 64. 667ರಲ್ಲಿ ಸೂಜಿಯಂತೆ ಎದ್ದದ್ದು ಕೋಣೆಯ ಕಾರ್ಬನ್ ಡೈ ಆಕ್ಸೈಡ್, ಮೂಳೆಯದಲ್ಲ.

ನೆನಪಿನಿಂದ ಹೇಳೋದಾದರೆ ಹಸಿ ಮೇಕೆ ಮೂಳೆಯ ಸ್ಪ್ಲಿಟಿಂಗ್ ಫ್ಯಾಕ್ಟರ್ 3ರ ಒಳಗೆ, 500 ಡಿಗ್ರಿಯಲ್ಲಿ ಮೂರೂವರೆಯ ಹತ್ತಿರ, 700 ದಾಟಿದರೆ 5ಕ್ಕೂ ಮೇಲೆ. 400ರ ಕೆಳಗೆ ಹೆಚ್ಚು ಕದಲಿಕೆ ಇಲ್ಲ, ಎರಡು ತಪ್ಪಾದದ್ದು ಅದಕ್ಕೇ. ಇನ್ನೊಂದು ಬಲೆ: ಸುಡದೇ ಮಣ್ಣಲ್ಲಿ ಹಳೆಯದಾದ ಮೂಳೆಯೂ ಮೂರೂವರೆ, ನಾಲ್ಕು ತೋರಿಸಬಲ್ಲದು. ಒಂದೇ ಅಂಕಿ ಹಿಡಿದು ಸುಟ್ಟಿದೆ ಅಂತ ಬರೆಯೋರನ್ನು ಕಂಡರೆ ನನಗೆ ಸಿಟ್ಟು. 630ರಲ್ಲಿ ಹೈಡ್ರಾಕ್ಸಿಲ್ ಭುಜ ಎದ್ದಿದೆಯೇ, 1415ರ ಕಾರ್ಬೊನೇಟ್ 1035ರ ಫಾಸ್ಫೇಟಿಗೆ ಹೋಲಿಸಿದರೆ ಬಿದ್ದಿದೆಯೇ, ಕೊಲಾಜನ್ನಿನ ಗುರುತಾದ ಅಮೈಡ್ ಪೀಕ್ ಹೋಗಿದೆಯೇ, ಮೂರೂ ನೋಡಿ.

ಎರೆಮಣ್ಣಿನ ಸುಣ್ಣ ಈ ಕಾರ್ಬೊನೇಟ್ ಲೆಕ್ಕವನ್ನೇ ಹಾಳುಮಾಡುತ್ತೆ. 712ರಲ್ಲಿ ಸಣ್ಣ ಮೊನೆ ಕಂಡರೆ ಕ್ಯಾಲ್ಸೈಟ್ ಸೇರಿದೆ ಅಂತ. 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ತೊಳೆದೆ. ಒಮ್ಮೆ ರಾತ್ರಿಯಿಡೀ ಬಿಟ್ಟದ್ದಕ್ಕೆ ಮೂಳೆಯ ಖನಿಜವೇ ಕರಗಿ ಮರುಸ್ಫಟಿಕವಾಯ್ತು, ಫ್ಯಾಕ್ಟರ್ ಸುಳ್ಳೇ ಏರಿತು. ಈಗ ನಾಲ್ಕು ಗಂಟೆ, ಅಷ್ಟೇ. ತೊಳೆಯುವ ಮುಂಚಿನದೂ ಆಮೇಲಿನದೂ ಎರಡೂ ಸ್ಪೆಕ್ಟ್ರಮ್ ಇಟ್ಟುಕೊಳ್ಳುತ್ತೇನೆ.

ಪುಣೆಯ ಜುಲೈ ಬಿಲ್ಲೆಗೆ ಯಮ. ಬ್ರೋಮೈಡ್ ನೀರು ಹೀರಿ ಮಸುಕಾಗುತ್ತೆ, ಆ ನೀರು 1640ರಲ್ಲಿ ಕೂತು ಅಮೈಡಿನ ವೇಷ ಹಾಕುತ್ತೆ. ಉಪ್ಪನ್ನು ರಾತ್ರಿಯಿಡೀ 110 ಡಿಗ್ರಿಯಲ್ಲಿ ಒಣಗಿಸಿದರೂ ಒತ್ತುವ ಹೊತ್ತಿಗೆ ತೇವ. ಮಳೆಗಾಲದಲ್ಲಿ ಅಮೈಡನ್ನು ವಜ್ರದ ಎಟಿಆರ್‌ನಲ್ಲೇ ತೆಗೆಯುತ್ತೇನೆ. ಎರಡು ವಿಧಾನದ ಅಂಕಿಗಳನ್ನು ಒಂದೇ ಪಟ್ಟಿಗೆ ಬೆರೆಸೋದಿಲ್ಲ. 

ನಡುವೆ ಒಂದು ಪಕ್ಕದಾರಿ. ಮಾಂಸ ಅಂಟಿದ ಮೂಳೆಯನ್ನು ಮುಚ್ಚಿದ ಕ್ರುಸಿಬಲ್‌ನಲ್ಲಿ 700 ಡಿಗ್ರಿಗೆ ಸುಟ್ಟಾಗ 2010 cm⁻¹ ಹತ್ತಿರ ಸಣ್ಣ ಪೀಕ್ ಬಂತು: ಸೈನಮೈಡ್, ಸಾರಜನಕ ಇರುವ ಒಂದು ಸಂಯುಕ್ತ. ತೆರೆದು ಸುಟ್ಟದ್ದರಲ್ಲಿ ಕಾಣಲಿಲ್ಲ. ಇದಕ್ಕೆ ವಜ್ರದ ಎಟಿಆರ್ ನೆಚ್ಚಬೇಡಿ, 1800ರಿಂದ 2300ರವರೆಗೆ ವಜ್ರವೇ ಹೀರಿಕೊಳ್ಳುತ್ತೆ, ಬಿಲ್ಲೆಯೇ ಗತಿ. ನನ್ನ ಬಳಿ ಇರೋದು ನಾಲ್ಕೇ ಚೂರಿನ ಫಲಿತಾಂಶ.

ಖರ್ಚು: ಕಲ್ವ ಮೂರೂವರೆ ಸಾವಿರ, 100 ಗ್ರಾಂ ಬ್ರೋಮೈಡ್ ನಾಲ್ಕು ಸಾವಿರದ ಆಸುಪಾಸು, ನಳ್ಳಿ ಐನೂರೊಳಗೆ. ಯಂತ್ರದ ಗಂಟೆ ಲೆಕ್ಕ ಸೇರಿಸಿದರೂ ಮೂರು ಅರೆತದ ಒಂದು ಮಾದರಿಗೆ 350 ದಾಟೋದಿಲ್ಲ. ಐದು ಮಾದರಿ ಎಕ್ಸ್‌ಆರ್‌ಡಿಗೂ ಕಳಿಸಿದ್ದೆ, ಹೆಚ್ಚು ಸುಟ್ಟದ್ದರಿಂದ ಕಡಿಮೆಯವರೆಗೆ ಅದೇ ಸಾಲು ಬಂತು. ಗಿಣಿಶಾಸ್ತ್ರ ಅಂದವರು ಈಗ ತಮ್ಮ ಪೊಟ್ಟಣಗಳನ್ನೂ ನಮ್ಮ ಮೇಜಿಗೇ ಕಳಿಸುತ್ತಿದ್ದಾರೆ.