ಎಲೆ ಕಳಿಸುವ ಮುನ್ನ: ನಿಮ್ಮ ಸಂಶೋಧನೆಯನ್ನು ಕಾಯ್ದುಕೊಳ್ಳುವುದು ಹೇಗೆ?

ಕೊಡಗಿನಲ್ಲಿ ಕ್ಷಿಪಣಿ ಕಾರ್ಖಾನೆ ಇಲ್ಲ, ಅಣು ಸ್ಥಾವರವೂ ಇಲ್ಲ. ಹಾಗಾಗಿ ಸಂಶೋಧನೆಗೆ ಹೊರದೇಶದಿಂದ ಅಪಾಯ ಎಂದರೆ ಅದು ಬೆಂಗಳೂರಿನ ದೊಡ್ಡ ಸಂಸ್ಥೆಗಳ ತಲೆನೋವು ಎಂದುಕೊಳ್ಳುವವರು ಇಲ್ಲಿ ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ, ಅಕ್ಕನ ಮಗಳು ತನಗೆ ಬಂದ ಇಮೇಲ್ ತೋರಿಸುವ ತನಕ.

ಅವಳು ಏಲಕ್ಕಿಯ ಕಟ್ಟೆ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ರೋಗ ಬಿದ್ದ ತೋಟದಲ್ಲಿ ಸುತ್ತಲಿನ ಗಿಡಗಳೆಲ್ಲ ಸೊರಗಿದರೂ ಒಂದೆರಡು ಗಿಡ ಗಟ್ಟಿಯಾಗಿ ನಿಂತಿರುತ್ತವೆ. ಅಂಥವನ್ನು ಹುಡುಕಿ, ಎಲೆ ತಂದು ಪರೀಕ್ಷಿಸುವುದು ಅವಳ ಕೆಲಸ. ಮೂರು ಮಳೆಗಾಲ ಜಿಗಣೆ ಕಚ್ಚಿಸಿಕೊಂಡು ಓಡಾಡಿದ್ದಾಳೆ. ಇಮೇಲ್ ಬಂದದ್ದು ಹೊರದೇಶದ ಪ್ರೊಫೆಸರ್ ಒಬ್ಬರ ಹೆಸರಿನಲ್ಲಿ. ‘ನಿಮ್ಮ ಪೋಸ್ಟರ್ ನೋಡಿದೆ, ಬಹಳ ಚೆನ್ನಾಗಿದೆ. ನಮ್ಮ ಲ್ಯಾಬ್‌ಗೆ ಬನ್ನಿ, ಖರ್ಚು ನಮ್ಮದು. ಅದಕ್ಕೂ ಮೊದಲು ಎಲೆಯ ಸ್ಯಾಂಪಲ್ ಮತ್ತು ಗಿಡಗಳಿರುವ ಜಾಗದ ಜಿಪಿಎಸ್ ಪಟ್ಟಿ ಕಳಿಸಿ’ ಎಂದಿತ್ತು. ‘ಕಳಿಸಿಬಿಡ್ಲಾ ಮಾವ?’ ಎಂದು ಕೇಳಿದಳು.

ಇದರಲ್ಲಿ ಮೋಸವೇ ಇದೆ ಎಂದು ಹೇಳಲಾಗದು. ಇರಲಿಕ್ಕಿಲ್ಲ. ಆದರೆ ಬೀಗ ಒಡೆದು ಒಯ್ದರೆ ಪೊಲೀಸರಿಗೆ ಹೇಳಬಹುದು. ಮರ್ಯಾದೆಯಿಂದ ಕೇಳಿದಾಗ ನಾವೇ ಕೈಯಾರೆ ಕೊಟ್ಟರೆ ಯಾರಿಗೆ ಹೇಳುವುದು? ಆ ದಿನ ಅವಳ ಜೊತೆ ಕೂತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೊನ್ನಂಪೇಟೆಯ ಅರಣ್ಯ ಕಾಲೇಜು, ಚೆಟ್ಟಳ್ಳಿ ಮತ್ತು ಅಪ್ಪಂಗಳದ ಸಂಶೋಧನಾ ಕೇಂದ್ರಗಳು, ಮಡಿಕೇರಿಯ ವೈದ್ಯಕೀಯ ಕಾಲೇಜು, ಎಲ್ಲೇ ಇರುವವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಹತ್ತಿರ ಏನೇನಿದೆ ಬರೆಯಿರಿ. ಕಂಪ್ಯೂಟರಿನಲ್ಲಿರುವ ಫೈಲುಗಳ ಜೊತೆಗೆ ಫ್ರೀಜರ್‌ನಲ್ಲಿರುವ ಎಲೆ, ನರ್ಸರಿಯ ಸಸಿ, ತೋಟದಲ್ಲಿ ಬರೆದುಕೊಂಡ ನೋಟ್‌ಬುಕ್, ಫೋನಿನ ಫೋಟೊ ಎಲ್ಲವೂ ಬರಲಿ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊದೊಳಗೇ ಜಾಗದ ವಿವರ ಸೇರಿಕೊಂಡಿರುತ್ತದೆ. ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಗಿಡದ ಚಿತ್ರವಾದರೂ, ಮೂಲ ಫೈಲನ್ನೇ ಇಮೇಲ್ ಮಾಡಿದರೆ ಗಿಡದ ವಿಳಾಸವೂ ಹೋಗುತ್ತದೆ.

ಈಗ ಒಂದೊಂದರ ಮುಂದೆಯೂ ‘ಕೊಡಬಹುದು’, ‘ಕೇಳಿ ಕೊಡಬೇಕು’, ‘ಕೊಡಬಾರದು’ ಇವುಗಳಲ್ಲಿ ಒಂದನ್ನು ಬರೆಯಿರಿ. ಪ್ರಕಟವಾದ ಪ್ರಬಂಧ ಕೊಡಬಹುದು. ಅದನ್ನು ಹಂಚಿದಷ್ಟೂ ಒಳ್ಳೆಯದು. ರೋಗಿಗಳ ಹೆಸರು, ವಿಳಾಸ ಇರುವ ದಾಖಲೆ ಕೊಡಬಾರದು. ಕಷ್ಟ ಬರುವುದು ನಡುವಿನದ್ದರಲ್ಲಿ.

ಕಾಡಿನ ವಿಷಯವನ್ನೇ ನೋಡಿ. ನಮ್ಮ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಯಾವ ಅಪರೂಪದ ಗಿಡ ಇದೆ ಎಂದು ಹೇಳುವುದು ಬೇರೆ, ಯಾವ ಕಾಡಿನ ಯಾವ ಮೂಲೆ ಎಂದು ಹೇಳುವುದು ಬೇರೆ. ಆನೆ, ಹುಲಿ ಎಲ್ಲಿವೆ ಎಂದು ತಿಳಿಯಲು ಅವುಗಳ ಕೊರಳಿಗೆ ಹಾಕಿದ ಕಾಲರ್‌ನ ಮಾಹಿತಿಯೂ ಹಾಗೇ. 2013ರಲ್ಲಿ ಮಧ್ಯಪ್ರದೇಶದ ಪನ್ನಾದ ಹುಲಿಯೊಂದರ ಕಾಲರ್ ವಿವರ ಬರುತ್ತಿದ್ದ ಇಮೇಲ್ ಖಾತೆಗೆ ನುಗ್ಗಲು ಯಾರೋ ಪ್ರಯತ್ನಿಸಿದ್ದರು. ಅದೃಷ್ಟಕ್ಕೆ ಆಗಲಿಲ್ಲ. ನಾಗರಹೊಳೆ ಪಕ್ಕದಲ್ಲೇ ಇರುವ ನಮಗೆ ಇದು ದೂರದ ಮಾತಲ್ಲ, ಅಲ್ವಾ?

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಜೇನುಕುರುಬರ, ಯರವರ ಹಿರಿಯರು ನಂಬಿ ಹೇಳಿದ ಮದ್ದಿನ ಗುಟ್ಟು ನಿಮ್ಮ ನೋಟ್‌ಬುಕ್ಕಿನಲ್ಲಿದ್ದರೂ ಅದು ನಿಮ್ಮದಲ್ಲ. ಅವರನ್ನು ಕೇಳದೆ ಯಾರಿಗೂ ಕೊಡಬೇಡಿ, ಹೊರದೇಶದವರಿಗೂ, ಪಕ್ಕದ ಜಿಲ್ಲೆಯವರಿಗೂ.

ಕೇಳುತ್ತಿರುವವರು ಯಾರು?

ಇಮೇಲಿನಲ್ಲಿರುವ ಲಿಂಕ್ ಒತ್ತಬೇಡಿ. ಆ ವಿಶ್ವವಿದ್ಯಾಲಯದ ವೆಬ್‌ಸೈಟನ್ನು ನೀವೇ ಹುಡುಕಿ, ಅಲ್ಲಿರುವ ವಿಳಾಸಕ್ಕೆ ಬರೆದು, ‘ಇದನ್ನು ಕಳಿಸಿದ್ದು ನೀವೇನಾ?’ ಎಂದು ಕೇಳಿ. ಹೌದು ಎಂದರೆ ಮತ್ತೆ ಮೂರು ಪ್ರಶ್ನೆ: ದುಡ್ಡು ಕೊಡುವವರು ಯಾರು? ಸ್ಯಾಂಪಲ್ ಇಟ್ಟುಕೊಂಡು ಏನೇನು ಮಾಡುತ್ತೀರಿ? ಬಂದ ಫಲಿತಾಂಶ ಯಾರದ್ದು? ಸರಿಯಾದ ವಿಜ್ಞಾನಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಅವರ ದೇಶ ಯಾವುದು, ಮುಖ ಹೇಗಿದೆ ಎಂದು ನೋಡಿ ಅನುಮಾನಪಡುವುದು ಮಾತ್ರ ತಪ್ಪು. ನೋಡಬೇಕಾದ್ದು ಅವರು ಒಡ್ಡುವ ಷರತ್ತುಗಳನ್ನು.

ಎಲೆ, ಬೀಜ, ಮಣ್ಣು: ಕಾನೂನು ಇದೆ

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿಯರು ನಮ್ಮ ಗಿಡ, ಪ್ರಾಣಿ, ಸೂಕ್ಷ್ಮಜೀವಿಗಳನ್ನು ಸಂಶೋಧನೆಗೆ ಪಡೆಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಮೊದಲೇ ಬೇಕು. ಅಂಥ ಸಂಶೋಧನೆಯ ಫಲಿತಾಂಶವನ್ನು ಅವರಿಗೆ ಹಸ್ತಾಂತರ ಮಾಡಲೂ ಒಪ್ಪಿಗೆ ಬೇಕು. ಪ್ರಬಂಧ ಪ್ರಕಟಿಸಲು, ಸೆಮಿನಾರಿನಲ್ಲಿ ಮಾತಾಡಲು, ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ನಡೆಯುವ ಜಂಟಿ ಯೋಜನೆಗಳಿಗೆ ವಿನಾಯಿತಿ ಇದೆ. ಕೆಲವು ಸಸ್ಯ ರೋಗಾಣುಗಳು ಲೈಸೆನ್ಸ್ ಇಲ್ಲದೆ ಹೊರಗೆ ಕಳಿಸಬಾರದ ‘ಸ್ಕೋಮೆಟ್’ ಪಟ್ಟಿಯಲ್ಲೂ ಇವೆ. ಆದ್ದರಿಂದ ಕೊರಿಯರ್ ಆಫೀಸಿಗೆ ಹೋಗುವ ಮೊದಲು ಗೈಡ್ ಹತ್ತಿರ ಹೋಗಿ. ಸ್ಯಾಂಪಲ್ ಕೊಡುವಾಗ ಮಾಡಿಕೊಳ್ಳುವ ವಸ್ತು ವರ್ಗಾವಣೆಯ ಒಪ್ಪಂದಕ್ಕೆ ಸಹಿ ಹಾಕಬೇಕಾದ್ದು ಸಂಸ್ಥೆ, ವಿದ್ಯಾರ್ಥಿ ಅಲ್ಲ.

ಇಷ್ಟೆಲ್ಲ ಯಾಕೆ ಎಂದರೆ ಅರಿಸಿನದ ಕಥೆ ನೆನಪಿಸಿಕೊಳ್ಳಿ. ಗಾಯಕ್ಕೆ ಅರಿಸಿನ ಹಚ್ಚುವುದು ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತಿತ್ತು. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅದರ ಪೇಟೆಂಟ್ ಸಿಕ್ಕಿತು. ನಮ್ಮ ಸರ್ಕಾರಿ ಸಂಶೋಧನಾ ಮಂಡಳಿ ಸಿಎಸ್ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಬೇಕಾಯಿತು. ಅರಿಸಿನಕ್ಕೆ ಗ್ರಂಥಗಳ ಸಾಕ್ಷಿ ಇತ್ತು. ನಿನ್ನೆ ನೀವು ಕಂಡುಹಿಡಿದದ್ದಕ್ಕೆ ಸಾಕ್ಷಿ ನಿಮ್ಮ ನೋಟ್‌ಬುಕ್ ಮಾತ್ರ. ತಾರೀಕು ಹಾಕಿ, ಗೈಡ್ ಸಹಿ ಮಾಡಿಸಿ ಇಡಿ. ಹೊಸ ವಿಧಾನ ಏನಾದರೂ ಕಂಡುಹಿಡಿದಿದ್ದರೆ, ಪೇಟೆಂಟ್ ಅರ್ಜಿ ಹಾಕುವ ತನಕ ಪೋಸ್ಟರಿನಲ್ಲಿ ಪೂರ್ತಿ ಬಿಚ್ಚಿಡಬೇಡಿ. ಆಮೇಲೆ ‘ಇದು ಹೊಸದು’ ಎನ್ನುವ ಹಕ್ಕೇ ಹೋಗಿಬಿಡಬಹುದು.

ಹೊಗಳಿಕೆಯ ಇಮೇಲ್

ಇರಾನಿನ ಮಬ್ನಾ ಎಂಬ ಸಂಸ್ಥೆಯವರ ಮೇಲೆ 2018ರಲ್ಲಿ ಅಮೆರಿಕ ದೋಷಾರೋಪ ಹೊರಿಸಿತು. ಅಮೆರಿಕದ 144 ವಿಶ್ವವಿದ್ಯಾಲಯಗಳು, ಬೇರೆ 21 ದೇಶಗಳ 176 ವಿಶ್ವವಿದ್ಯಾಲಯಗಳು ಅವರ ಗುರಿಯಾಗಿದ್ದವು ಎನ್ನುತ್ತದೆ ಆ ಆರೋಪಪಟ್ಟಿ. ವಿಧಾನ ಎಷ್ಟು ಸರಳ ನೋಡಿ. ಬೇರೆ ಪ್ರೊಫೆಸರ್ ಹೆಸರಿನಲ್ಲಿ ‘ನಿಮ್ಮ ಲೇಖನ ಓದಿದೆ’ ಎಂದು ಬರೆಯುವುದು, ಒಂದು ಲಿಂಕ್ ಕೊಡುವುದು. ಒತ್ತಿದರೆ ನಿಮ್ಮದೇ ವಿಶ್ವವಿದ್ಯಾಲಯದ ಲಾಗಿನ್ ಪುಟದಂಥದ್ದೇ ನಕಲಿ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಹಾಕಿದರೆ ಮುಗಿಯಿತು.

ಹಾಗಾಗಿ ಇಮೇಲಿಗೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವಂಥದ್ದು) ಇವತ್ತೇ ಹಾಕಿಕೊಳ್ಳಿ. ಲ್ಯಾಬಿನ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಬದಲಿಸಿ. ಕೋರ್ಸ್ ಮುಗಿಸಿ ಹೋದವರ ಖಾತೆ ಮುಚ್ಚಿಸಿ. ಹೊರದೇಶಕ್ಕೆ ಹೋಗುವಾಗ ಅಲ್ಲಿ ಬೇಕಾದ ಫೈಲ್ ಮಾತ್ರ ಇರುವ ಲ್ಯಾಪ್‌ಟಾಪ್ ಒಯ್ಯಿರಿ.

ಏನೋ ಆಗಿಹೋಯಿತು ಎನಿಸಿದರೆ

ತಕ್ಷಣ ಹೇಳಿ. 2018ರ ನವೆಂಬರಿನಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಗೆ ಕಳ್ಳರು ನುಗ್ಗಿದ್ದು ಒಂದು ಇಮೇಲಿನಿಂದ. ನೋಡಿದವರು ಯಾವ ಲಿಂಕನ್ನೂ ಒತ್ತಿರಲಿಲ್ಲ! ಮರುವರ್ಷ ಆ ವಿಶ್ವವಿದ್ಯಾಲಯ ನಡೆದದ್ದನ್ನೆಲ್ಲ ವರದಿಯಾಗಿ ಪ್ರಕಟಿಸಿತು, ಬೇರೆಯವರು ಕಲಿಯಲಿ ಎಂದು. ನಮ್ಮಲ್ಲಿ 2022ರಿಂದ ಸಂಸ್ಥೆಗಳು ಇಂಥ ದಾಳಿಯನ್ನು ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿಯಮ ಇದೆ. ವಿದ್ಯಾರ್ಥಿ ಬೈಗುಳಕ್ಕೆ ಹೆದರಿ ಎರಡು ದಿನ ಸುಮ್ನೆ ಕೂತರೆ ಆ 6 ಗಂಟೆ ಶುರುವಾಗುವುದೇ ಇಲ್ಲ. ಗೈಡ್‌ಗಳಲ್ಲಿ ನನ್ನ ಕೋರಿಕೆ: ಬಂದು ಹೇಳಿದವರನ್ನು ಬೈಯಬೇಡಿ. ಯಾರಿಗೆ ಫೋನ್ ಮಾಡಬೇಕು ಎಂದು ಒಂದು ಹೆಸರು, ಒಂದು ನಂಬರ್ ಬರೆದು ಲ್ಯಾಬಿನ ಬಾಗಿಲಿಗೆ ಅಂಟಿಸಿ.

ಅಕ್ಕನ ಮಗಳು ಆ ಮೂರು ಪ್ರಶ್ನೆ ಬರೆದು ಕಳಿಸಿದಳು. ಹದಿನೈದು ದಿನದ ನಂತರ ಉತ್ತರ ಬಂತು, ಅವರ ವಿಶ್ವವಿದ್ಯಾಲಯದ ಕಚೇರಿಯಿಂದಲೇ, ಒಪ್ಪಂದದ ಕರಡು ಸಮೇತ. ಈಗ ಅದು ಅವಳ ಗೈಡ್ ಮೇಜಿನ ಮೇಲಿದೆ. ಪ್ರಾಧಿಕಾರಕ್ಕೆ ಅರ್ಜಿ ಹೋಗಬೇಕು. ಎಲೆಗಳು ಇನ್ನೂ ಫ್ರೀಜರ್‌ನಲ್ಲೇ ಇವೆ.