ಆಪರೇಷನ್ ಆದ ಮೊಲದ ಆರೈಕೆ: ಹೊಲಿಗೆಗಿಂತ ಮೊದಲು ಹಿಕ್ಕೆ ನೋಡಿ

ನಮ್ಮ ಮೊಲ ಬೆಳ್ಳಿಗೆ ಗರ್ಭಕೋಶ ತೆಗೆಸಿ ಮನೆಗೆ ಕರೆತಂದ ರಾತ್ರಿ, ಮನೆಮಂದಿಯೆಲ್ಲ ಅವಳ ಹೊಟ್ಟೆಯ ಹೊಲಿಗೆಯನ್ನೇ ನೋಡುತ್ತಾ ಕೂತಿದ್ದೆವು. ರಕ್ತ ಬಂತಾ, ಊದಿಕೊಂಡಿತಾ ಅಂತ. ಹೊಲಿಗೆ ಚೆನ್ನಾಗಿಯೇ ಇತ್ತು. ಆದರೆ ಬೆಳಗ್ಗೆ ನೋಡಿದರೆ ಗೂಡಿನಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಇಟ್ಟ ಕೊತ್ತಂಬರಿ ಇಟ್ಟ ಹಾಗೇ ಬಾಡಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೊಲಿಗೆಯ ವಿಷಯ ಎತ್ತಲೇ ಇಲ್ಲ. "ಏನಾದರೂ ತಿಂದಳಾ? ಹಿಕ್ಕೆ ಹಾಕಿದಳಾ?" ಇಷ್ಟೇ ಕೇಳಿದರು.

ಆ ಎರಡು ಪ್ರಶ್ನೆಗಳಲ್ಲೇ ಮೊಲದ ಆರೈಕೆ ಬಹುಪಾಲು ಅಡಗಿದೆ. ನಾಯಿ ಆಪರೇಷನ್ ಆದ ದಿನ ಊಟ ಬಿಟ್ಟರೆ ನಾವು ಅಷ್ಟು ಗಾಬರಿಯಾಗುವುದಿಲ್ಲ. ಮೊಲ ಹಾಗಲ್ಲ. ಅದರ ಕರುಳು ಹಗಲು ರಾತ್ರಿ ಕೆಲಸ ಮಾಡುತ್ತಲೇ ಇರಬೇಕು. ನೋವು, ಭಯ, ಅರಿವಳಿಕೆಯ ಮಂಪರು ಸೇರಿ ಮೊಲ ತಿನ್ನುವುದನ್ನು ನಿಲ್ಲಿಸಿತು ಅಂದರೆ ಕರುಳೂ ನಿಧಾನವಾಗುತ್ತದೆ. ಒಳಗೆ ಗಾಳಿ ತುಂಬಿ ಹೊಟ್ಟೆ ನೋಯುತ್ತದೆ. ನೋವಿಗೆ ಮತ್ತೆ ತಿನ್ನುವುದಿಲ್ಲ. ಹೊಲಿಗೆ ಚೆನ್ನಾಗಿದ್ದರೂ ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು.

ಹಿಂದಿನ ದಿನದ ತಯಾರಿ

ನಾವು ಮೊದಲು ವಿಚಾರಿಸಿದ ಒಂದು ಕ್ಲಿನಿಕ್ಕಿನಲ್ಲಿ "ರಾತ್ರಿ ಎಂಟರ ಮೇಲೆ ಏನೂ ಕೊಡಬೇಡಿ" ಅಂದಿದ್ದರು. ನಾಯಿ, ಬೆಕ್ಕಿಗೆ ಅದು ಸರಿ. ಅರಿವಳಿಕೆಯಲ್ಲಿದ್ದಾಗ ಅವು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಹಾಗಾಗಿ ರಾತ್ರಿಯಿಡೀ ಉಪವಾಸ ಕೆಡವುವುದರಿಂದ ಕೆಡುಕೇ ಜಾಸ್ತಿ. ಬಾಯಿ ಖಾಲಿಯಿರಲಿ ಅಂತ ಸ್ವಲ್ಪ ಹೊತ್ತಿಗೆ ಮುಂಚೆ ಆಹಾರ ತೆಗೆದರೆ ಸಾಕು. ಎಷ್ಟು ಹೊತ್ತು ಅನ್ನುವುದನ್ನು ಆಪರೇಷನ್ ಮಾಡುವ ಡಾಕ್ಟರೇ ಹೇಳಲಿ. ರಾತ್ರಿಪೂರ್ತಿ ಉಪವಾಸ ಅಂತ ಹೇಳಿದರೆ, "ನೀವು ಮೊಲಗಳಿಗೆ ಆಗಾಗ ಆಪರೇಷನ್ ಮಾಡ್ತೀರಾ?" ಅಂತ ಸಂಕೋಚ ಬಿಟ್ಟು ಕೇಳಿ. ನಮ್ಮಲ್ಲಿ ಮೊಲಗಳನ್ನು ನೋಡಿ ಅಭ್ಯಾಸವಿರುವ ಡಾಕ್ಟರುಗಳು ಕಡಿಮೆ. ಸುತ್ತಮುತ್ತ ಯಾರೂ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಆಪರೇಷನ್‌ಗೆ ಹೋಗುವಾಗ ಮೊಲಕ್ಕೆ ಇಷ್ಟವಾದ ಸೊಪ್ಪು ಮತ್ತು ಒಣಹುಲ್ಲನ್ನು ಜೊತೆಗೇ ಒಯ್ಯಿರಿ. ಎಚ್ಚರವಾದ ಕೂಡಲೇ ಪರಿಚಯದ ವಾಸನೆ ಸಿಕ್ಕರೆ ಬೇಗ ಬಾಯಿ ಹಾಕುತ್ತವೆ. ಅಡುಗೆಮನೆಯ ತಕ್ಕಡಿಯಲ್ಲಿ ಹಿಂದಿನ ದಿನವೇ ತೂಕ ನೋಡಿ ಬರೆದಿಡಿ. ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ 1 ಎಂಎಲ್ ಮತ್ತು 5 ಎಂಎಲ್ ಸಿರಿಂಜುಗಳನ್ನು ತಂದಿಡಿ.

ಗೂಡನ್ನೂ ಬದಲಾಯಿಸಬೇಕು. ಹತ್ತಿ ಇಳಿಯುವ ಅಟ್ಟ, ಮೆಟ್ಟಿಲು ಇದ್ದರೆ ತೆಗೆಯಿರಿ. ಮರದ ಹೊಟ್ಟು, ಮರಳು ಬೇಡ. ಅವು ಗಾಯಕ್ಕೆ ಅಂಟುತ್ತವೆ. ನೆಲಕ್ಕೆ ಹಳೆಯ ಟವೆಲ್ ಹಾಸಿ. ದಾರ ಬಿಟ್ಟಿರಬಾರದು, ಕಾಲುಗುರು ಸಿಕ್ಕಿಕೊಳ್ಳುತ್ತದೆ. ನೀರನ್ನು ಬಾಟಲಿಯ ಬದಲು ಅಗಲವಾದ, ಮಗುಚದ ಬಟ್ಟಲಿನಲ್ಲಿಡಿ. ಸುಸ್ತಾದ ಮೊಲಕ್ಕೆ ಬಟ್ಟಲಿನಿಂದ ಕುಡಿಯುವುದು ಸುಲಭ. ಟಿವಿ, ಮಿಕ್ಸಿ, ನಾಯಿಯ ಬೊಗಳಾಟ ಕೇಳದ ಮೂಲೆ ಹುಡುಕಿ. ಹೆದರಿಕೆಗೂ ಕರುಳು ನಿಲ್ಲುತ್ತದೆ.

ಮನೆಗೆ ಹೊರಡುವ ಮೊದಲು

ಆಸ್ಪತ್ರೆ ಬಿಡುವ ಮುಂಚೆ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ನೋವಿನ ಔಷಧಿ ಕೊನೆಯ ಸಲ ಎಷ್ಟು ಹೊತ್ತಿಗೆ ಕೊಟ್ಟಿದ್ದಾರೆ, ಮುಂದಿನದು ಯಾವಾಗ, ಎಷ್ಟು ಎಂಎಲ್? ಹೊಲಿಗೆ ತಾನೇ ಕರಗುತ್ತದಾ, ಬಿಚ್ಚಿಸಬೇಕಾ? ಎಚ್ಚರವಾದ ಮೇಲೆ ಏನಾದರೂ ತಿಂದಿದೆಯಾ? ಮಧ್ಯರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಈ ಕೊನೆಯದನ್ನು ಕೇಳಲು ನಾನು ಮರೆತಿದ್ದೆ. ಆ ರಾತ್ರಿ ತುಂಬಾ ಉದ್ದವಾಗಿತ್ತು.

ಮೊದಲ ರಾತ್ರಿ: ಬೆಚ್ಚಗಿಡಿ

ಮೊಲದ ಮೈ ನಮ್ಮ ಮೈಗಿಂತ ಬಿಸಿ. ಸುಮಾರು 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅರಿವಳಿಕೆಯಿಂದ ಅದು ಇಳಿಯುತ್ತದೆ. ಕಿವಿ ಮುಟ್ಟಿ ನೋಡಿ, ತಣ್ಣಗಿದ್ದರೆ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದಲ್ಲಿಡಿ. ಒಂದೇ ಪಕ್ಕದಲ್ಲಿಡಬೇಕು. ಸೆಕೆಯಾದರೆ ಮೊಲ ತಾನೇ ಆ ಕಡೆ ಸರಿಯಲು ಜಾಗ ಬೇಕಲ್ವಾ? ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿದರೂ ಕಿವಿ ತಣ್ಣಗೇ ಇದ್ದು, ಮೊಲ ಜೋತುಬಿದ್ದಂತಿದ್ದರೆ ಬೆಳಗಿನವರೆಗೆ ಕಾಯಬೇಡಿ. ಏಪ್ರಿಲ್, ಮೇ ತಿಂಗಳ ಕಥೆ ಬೇರೆ. ಮೊಲಕ್ಕೆ ಸೆಕೆ ತಡೆಯುವುದಿಲ್ಲ. ಪೂರ್ತಿ ಎಚ್ಚರವಾಗಿ ಮೈ ಬೆಚ್ಚಗಾದ ಮೇಲೆ ಬಾಟಲಿ ತೆಗೆದು, ಗಾಳಿಯಾಡುವ ತಂಪು ಕೋಣೆಗೆ ಕರೆತನ್ನಿ.

ತಿನ್ನಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಉಳಿದಿದ್ದೆಲ್ಲ ಇದಕ್ಕಿಂತ ಸುಲಭ.

ಮೊದಲು ವಾಸನೆಯಿಂದ ಆಸೆ ಹುಟ್ಟಿಸಿ. ಕೊತ್ತಂಬರಿ, ಪುದೀನ ತೊಳೆದು, ಕೈಯಲ್ಲಿ ಸ್ವಲ್ಪ ಉಜ್ಜಿ ಮೂತಿಯ ಹತ್ತಿರ ಹಿಡಿಯಿರಿ. ಬೆಳ್ಳಿ ಮೊದಲು ಬಾಯಿ ಹಾಕಿದ್ದು ಗರಿಕೆಗೆ. ಗಣೇಶನಿಗೆ ಅಂತ ಹೂವಿನ ಅಂಗಡಿಯಲ್ಲಿ ಕಟ್ಟು ಮಾರುತ್ತಾರಲ್ಲ, ಅದೇ. ಚೆನ್ನಾಗಿ ತೊಳೆದು ಕೊಡಿ. ರಸ್ತೆ ಬದಿಯಲ್ಲಿ ಕಿತ್ತದ್ದು ಬೇಡ. ಹೊಗೆ, ಔಷಧಿ ಸಿಂಪಡಣೆ, ಬೀದಿನಾಯಿಗಳ ಗಲೀಜು ಎಲ್ಲ ಅದರ ಮೇಲಿರುತ್ತದೆ. ಕುದುರೆ ಮಸಾಲೆ (ಲೂಸರ್ನ್ ಅನ್ನುವ ಮೇವು) ಸೊಪ್ಪು ಬೆಳೆದ ಮೊಲಕ್ಕೆ ದಿನಾ ಕೊಡುವಂಥದ್ದಲ್ಲ, ಕ್ಯಾಲ್ಸಿಯಂ ಜಾಸ್ತಿ. ಆದರೆ ಬಾಯಿ ರುಚಿ ಬರಿಸಲು ಈ ದಿನಗಳಲ್ಲಿ ಎರಡು ಎಸಳು ಕೊಟ್ಟರೆ ತಪ್ಪಿಲ್ಲ. ಬ್ರೆಡ್, ಬಿಸ್ಕತ್ತು, ಅನ್ನ ಬೇಡವೇ ಬೇಡ. ಕ್ಯಾರೆಟ್ಟು, ಬಾಳೆಹಣ್ಣು ಉಗುರಿನಷ್ಟು ಮಾತ್ರ. ಒಣಹುಲ್ಲು ಯಾವಾಗಲೂ ಮುಂದಿರಲಿ.

ಮನೆಗೆ ಬಂದ ಮೇಲೆ ಕೆಲವು ಗಂಟೆ ಕಾದರೂ ತಾನೇ ತಿನ್ನದಿದ್ದರೆ, ಡಾಕ್ಟರನ್ನು ಕೇಳಿ ಸಿರಿಂಜಿನಲ್ಲಿ ತಿನ್ನಿಸಬೇಕು. ಇದಕ್ಕೆಂದೇ ಪುಡಿ ಆಹಾರ ಸಿಗುತ್ತದೆ. ಸಿಗದಿದ್ದರೆ ಮೊಲ ದಿನಾ ತಿನ್ನುವ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಸಾಕು. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತೆಳು ಅಂಬಲಿಯ ಹದಕ್ಕೆ ಕಲಸಿ. ಜರಡಿಯಲ್ಲಿ ಸೋಸಿದರೆ ಸಿರಿಂಜಿನ ತುದಿ ಕಟ್ಟಿಕೊಳ್ಳುವುದಿಲ್ಲ.

ಮೊಲವನ್ನು ಟವೆಲಿನಲ್ಲಿ ಸುತ್ತಿ, ನಾಲ್ಕು ಕಾಲಿನ ಮೇಲೆ ಕೂತ ಭಂಗಿಯಲ್ಲೇ ಮಡಿಲಲ್ಲಿಟ್ಟುಕೊಳ್ಳಿ. ಮಗುವಿನ ಹಾಗೆ ಬೆನ್ನ ಮೇಲೆ ಮಲಗಿಸಬಾರದು. ಆಹಾರ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಮುಂದಿನ ಹಲ್ಲಿನ ಹಿಂದೆ, ದವಡೆ ಹಲ್ಲಿಗೆ ಮುಂಚೆ ಹಲ್ಲಿಲ್ಲದ ಖಾಲಿ ಜಾಗವಿದೆ. ಬಾಯಿಯ ಪಕ್ಕದಿಂದ ಸಿರಿಂಜಿನ ತುದಿಯನ್ನು ಅಲ್ಲಿಗೆ ತೂರಿಸಿ. ಅರ್ಧ ಎಂಎಲ್ ಹಾಕಿ, ನಿಲ್ಲಿಸಿ. ಅಗಿದು ನುಂಗಿದ್ದು ಕಂಡ ಮೇಲೆ ಇನ್ನರ್ಧ. ಕೆಮ್ಮಿದರೆ, ಮೂಗಿನಿಂದ ಬಂದರೆ ತಕ್ಷಣ ನಿಲ್ಲಿಸಿ. ಮೊಲ ಉಸಿರಾಡುವುದೇ ಮೂಗಿನಿಂದ.

ಏನೂ ತಿನ್ನದ ಮೊಲಕ್ಕೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 50 ಎಂಎಲ್ ಅಂಬಲಿ ಬೇಕು. ಒಂದೂವರೆ ಕಿಲೋದ ಮೊಲವಾದರೆ 75 ಎಂಎಲ್. ಅದನ್ನು ಐದು ಸಲಕ್ಕೆ ಹಂಚಿದರೆ ಒಂದು ಸಲಕ್ಕೆ 15. ಮೊದಲ ಸಲವೇ ಅಷ್ಟು ಒಳಗೆ ಹೋಗಲಿಕ್ಕಿಲ್ಲ, ಐದು ಎಂಎಲ್ ಹೋದರೂ ಒಳ್ಳೆಯದೇ. ಒಂದು ಎಚ್ಚರಿಕೆ ಇದೆ. ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿದ್ದರೆ ಒಂದು ತೊಟ್ಟೂ ತಿನ್ನಿಸಬೇಡಿ. ಒಳಗೆ ದಾರಿ ಕಟ್ಟಿಕೊಂಡಿರಬಹುದು. ನೇರ ಆಸ್ಪತ್ರೆಗೆ ಹೋಗಿ.

ಹಿಕ್ಕೆಯ ಲೆಕ್ಕ

ಹಳೆಯ ಹಿಕ್ಕೆ ಪೂರ್ತಿ ಗುಡಿಸಿ ತೆಗೆದಿದ್ದರೆ ಹೊಸದು ಗೊತ್ತಾಗುತ್ತದೆ. ಮೊದಲ ದಿನ ಕೆಲವೇ ಬೀಳಬಹುದು, ಚಿಕ್ಕದಾಗಿ, ಒಣಗಿದ ಮೆಣಸಿನ ಕಾಳಿನ ಹಾಗೆ. ಕೂದಲಿನಿಂದ ಮಾಲೆ ಕಟ್ಟಿದಂತೆಯೂ ಬರಬಹುದು. ದಿನ ಕಳೆದಂತೆ ದಪ್ಪ, ದುಂಡಗೆ ಆಗುತ್ತಾ ಬಂದರೆ ಕರುಳು ದಾರಿಗೆ ಬಂದಿದೆ ಅಂತ ಅರ್ಥ. ನಾವು ಬೆಳಗ್ಗೆ ಸಂಜೆ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆವು. ಎರಡನೇ ದಿನ ಮಧ್ಯಾಹ್ನ ಬೆಳ್ಳಿ ಏಳು ಹಿಕ್ಕೆ ಹಾಕಿದಾಗ ನನಗೆ ಕಣ್ಣಲ್ಲಿ ನೀರು ಬಂತು.

ದ್ರಾಕ್ಷಿ ಗೊಂಚಲಿನಂತೆ ಅಂಟಂಟಾದ, ಹೊಳೆಯುವ ಮೆತ್ತನೆ ಹಿಕ್ಕೆ ಕಂಡರೆ ಅದು ಭೇದಿಯಲ್ಲ. ಮೊಲ ಅದನ್ನು ತಾನೇ ಬಾಯಿಟ್ಟು ತಿನ್ನುತ್ತದೆ, ತಿನ್ನಲೇಬೇಕು. ಅದರಲ್ಲಿ ವಿಟಮಿನ್‌ಗಳಿವೆ. ನೀರಿನಂತೆ ಬಂದರೆ ಮಾತ್ರ ತಡಮಾಡದೆ ಓಡಿ. ಮೂತ್ರ ಕಿತ್ತಳೆ, ಕೆಂಪು ಬಣ್ಣಕ್ಕಿದ್ದರೆ ಎಲ್ಲ ಸಲವೂ ರಕ್ತವೇ ಅಂತಲ್ಲ. ಸೊಪ್ಪಿನ ಬಣ್ಣವೂ ಹಾಗೆ ಇಳಿಯುತ್ತದೆ. ಹೆಪ್ಪುಗಟ್ಟಿದ ರಕ್ತ ಕಂಡರೆ, ಅಥವಾ ಸಂದೇಹವಿದ್ದರೆ, ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ.

ನೋವು ಮತ್ತು ಔಷಧಿ

ಮೊಲ ನೋವನ್ನು ಬಚ್ಚಿಡುತ್ತದೆ. ಕಾಡಿನಲ್ಲಿ ನರಳುವ ಪ್ರಾಣಿಯೇ ಮೊದಲು ಬೇಟೆಯಾಗುತ್ತದೆ, ಆ ಹೆದರಿಕೆ ಸಾಕಿದ ಮೊಲದಲ್ಲೂ ಇದೆ. ಅದು ಕಿರುಚುತ್ತದೆ ಅಂತ ಕಾಯಬೇಡಿ. ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕೂರುವುದು, ಕಣ್ಣು ಅರ್ಧ ಮುಚ್ಚುವುದು, ಹೊಟ್ಟೆಯನ್ನು ನೆಲಕ್ಕೆ ಒತ್ತುವುದು, ಜೋರಾಗಿ ಹಲ್ಲು ಕಡಿಯುವುದು, ಇವೇ ಅದರ ಭಾಷೆ. ಸವರಿದಾಗ ಖುಷಿಗೂ ಹಲ್ಲು ಮಿಡಿಸುತ್ತದೆ, ಅದು ತೀರಾ ಮೆಲ್ಲಗಿರುತ್ತದೆ.

ಡಾಕ್ಟರುಗಳು ಹೆಚ್ಚಾಗಿ ಬರೆಯುವುದು ಮೆಲಾಕ್ಸಿಕ್ಯಾಮ್ ದ್ರಾವಣ. ತೂಕಕ್ಕೆ ಹೋಲಿಸಿದರೆ ಮೊಲಕ್ಕೆ ನಾಯಿಗಿಂತ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಅಷ್ಟು ಪುಟ್ಟ ಜೀವಕ್ಕೆ ಇಷ್ಟಾ ಅಂತ ಹೆದರಿ ನೀವೇ ಕಡಿಮೆ ಮಾಡಬೇಡಿ. ಆಟವಾಡುತ್ತಿದೆ ಅಂತ ಮಧ್ಯದಲ್ಲಿ ನಿಲ್ಲಿಸಲೂಬೇಡಿ. ಆಡುತ್ತಿರುವುದು ಔಷಧಿಯ ಬಲದಿಂದ.

ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆ ಕೊಡಲೇಬಾರದು. ಉಳಿದಿರುವ ಆ್ಯಂಟಿಬಯೋಟಿಕ್ ಕೂಡ ಬೇಡ. ಅಮಾಕ್ಸಿಸಿಲಿನ್‌ನಂಥ ಔಷಧಿ ಬಾಯಿಯಿಂದ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಮಾಡುವಂಥವು ಬೆಳೆದು, ಮೊಲ ಸಾಯಬಹುದು. ನಾಯಿಯ ಉಣ್ಣೆ ಹುಳಕ್ಕೆ ಬಳಸುವ ಫಿಪ್ರೊನಿಲ್ ಸ್ಪ್ರೇ ಕೂಡ ಮೊಲಕ್ಕೆ ವಿಷ.

ಹೊಲಿಗೆ

ದಿನಕ್ಕೆ ಎರಡು ಸಲ ನೋಡಿದರೆ ಸಾಕು. ಒಬ್ಬರು ಮೊಲದ ಬೆನ್ನನ್ನು ತಮ್ಮ ಎದೆಗೆ ಒರಗಿಸಿ, ಹಿಂಗಾಲಿನ ಕೆಳಗೆ ಕೈಕೊಟ್ಟು ಹಿಡಿಯಲಿ. ಇನ್ನೊಬ್ಬರು ನೋಡಲಿ. ಹಿಂಭಾಗಕ್ಕೆ ಆಸರೆ ಸಿಗದೆ ಒದ್ದಾಡಿದರೆ ಮೊಲದ ಬೆನ್ನುಮೂಳೆಯೇ ಮುರಿಯಬಹುದು. ಕಿವಿ ಹಿಡಿದು ಎತ್ತುವ ಪದ್ಧತಿ ದಯವಿಟ್ಟು ಬಿಟ್ಟುಬಿಡಿ.

ಸ್ವಲ್ಪ ಕೆಂಪಗೆ, ಸ್ವಲ್ಪ ನೀಲಿಗಟ್ಟಿದಂತೆ ಇದ್ದರೆ ಪರವಾಗಿಲ್ಲ. ದಿನೇದಿನೇ ಊತ ಹೆಚ್ಚಿದರೆ, ಗಾಯ ಬಾಯಿ ಬಿಟ್ಟರೆ, ಕೆಟ್ಟ ವಾಸನೆ ಬಂದರೆ ತೋರಿಸಿ. ಮೊಲದ ಕೀವು ಬೆಣ್ಣೆಯ ಹಾಗೆ ಗಟ್ಟಿ. ತಾನಾಗಿ ಹರಿದುಹೋಗುವುದಿಲ್ಲ, ಒಳಗೇ ಗಂಟಾಗುತ್ತದೆ. ನಮ್ಮ ಅಮ್ಮ ಪ್ರೀತಿಯಿಂದಲೇ ಅರಿಶಿನದ ಡಬ್ಬಿ ಹಿಡಿದು ಬಂದಿದ್ದರು. "ಬೇಡಮ್ಮ, ನೆಕ್ಕಿಬಿಡ್ತಾಳೆ" ಅಂದೆ. ಅರಿಶಿನ, ಕೊಬ್ಬರಿ ಎಣ್ಣೆ, ಡೆಟಾಲ್, ಸ್ಪಿರಿಟ್ ಯಾವುದೂ ಬೇಡ. ಸ್ನಾನವೂ ಬೇಡ.

ನಾಯಿಗೆ ಹಾಕುವ ಪ್ಲಾಸ್ಟಿಕ್ ಕೊರಳಪಟ್ಟಿಯನ್ನು ಆದಷ್ಟೂ ತಪ್ಪಿಸಿ. ಅದಿದ್ದರೆ ಮೊಲ ಹೆದರುತ್ತದೆ, ತಿನ್ನುವುದಿಲ್ಲ, ಆ ಮೆತ್ತನೆ ಹಿಕ್ಕೆಗೆ ಬಾಯಿ ತಲುಪುವುದೂ ಇಲ್ಲ. ಹೊಲಿಗೆ ಕಡಿಯುವ ಚಾಳಿ ಕಂಡರೆ ಮೈಗೆ ಬಟ್ಟೆ ಅಂಗಿ ಹಾಕಬಹುದಾ ಅಂತ ಡಾಕ್ಟರನ್ನು ಕೇಳಿ.

ಮಳೆಗಾಲದಲ್ಲಿ ನೊಣದ ಮೇಲೆ ಕಣ್ಣಿರಲಿ. ಗಾಯಕ್ಕೆ ಅಥವಾ ಗಲೀಜಾದ ಹಿಂಭಾಗಕ್ಕೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಬೀಳಬಹುದು. ಗೂಡಿಗೆ ಸೊಳ್ಳೆಪರದೆ ಹೊದಿಸಿ. ಒದ್ದೆಯಾದ ಟವೆಲನ್ನು ಆಗಾಗ ಬದಲಿಸಿ.

ತಡಮಾಡಬಾರದ ಸಂದರ್ಭಗಳು

ಹನ್ನೆರಡು ಗಂಟೆ ಏನೂ ತಿಂದಿಲ್ಲ. ಇಪ್ಪತ್ತನಾಲ್ಕು ಗಂಟೆಯಾದರೂ ಹಿಕ್ಕೆಯಿಲ್ಲ. ಬಾಯಿ ತೆರೆದು ಉಸಿರಾಡುತ್ತಿದೆ. ಹೊಲಿಗೆಯಿಂದ ರಕ್ತ ತೊಟ್ಟಿಕ್ಕುತ್ತಲೇ ಇದೆ. ಕರೆದರೂ ಮುಟ್ಟಿದರೂ ತಲೆ ಎತ್ತುತ್ತಿಲ್ಲ. ಇವುಗಳಲ್ಲಿ ಒಂದಿದ್ದರೂ ಹೊರಡಿ. ಭಾನುವಾರ ಅಂತ ನೋಡಬೇಡಿ.

ಜೊತೆಗಾರ ಮೊಲ ಇದ್ದರೆ

ಜೋಡಿಯಾಗಿ ಬೆಳೆದ ಮೊಲಗಳನ್ನು ಪೂರ್ತಿ ದೂರ ಮಾಡಿದರೆ ಕೊರಗುತ್ತವೆ. ಆಸ್ಪತ್ರೆಯ ವಾಸನೆಗೆ ಗುರುತು ಸಿಗದೆ ಜಗಳವೂ ಆಡಬಹುದು. ಮಧ್ಯೆ ಜಾಲರಿಯಿಟ್ಟು, ಪರಸ್ಪರ ಕಾಣುವಂತೆ ಪಕ್ಕಪಕ್ಕ ಇಡಿ. ಶಾಂತವಾಗಿದ್ದರೆ ಡಾಕ್ಟರನ್ನು ಕೇಳಿ ಸೇರಿಸಿ. ಗಂಡಿಗೆ ಆಪರೇಷನ್ ಆಗಿದ್ದರೆ ಒಂದು ಮಾತು ನೆನಪಿರಲಿ. ಅದಾದ ಮೇಲೂ ನಾಲ್ಕರಿಂದ ಆರು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರಬಹುದು. ಅಲ್ಲಿಯವರೆಗೆ ಆಪರೇಷನ್ ಆಗದ ಹೆಣ್ಣಿನ ಹತ್ತಿರ ಬಿಡಬೇಡಿ.

ಹತ್ತು ದಿನದ ನಂತರ

ಗಂಡು ಮೊಲ ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ಳುತ್ತದೆ. ಹೆಣ್ಣಿಗೆ ಹೊಟ್ಟೆ ತೆರೆದಿರುತ್ತಾರೆ, ಹಾಗಾಗಿ ಹತ್ತು ದಿನವಾದರೂ ನೆಗೆದಾಟ ಬೇಡ. ಕರಗದ ಹೊಲಿಗೆಯನ್ನು ಹತ್ತರಿಂದ ಹದಿನಾಲ್ಕು ದಿನದೊಳಗೆ ಬಿಚ್ಚುತ್ತಾರೆ. ಬೋಳಿಸಿದ ಜಾಗದಲ್ಲಿ ಕೂದಲು ಬರಲು ವಾರಗಳೇ ಬೇಕು, ಅದಕ್ಕೆ ಚಿಂತೆಯಿಲ್ಲ. ದಿನಾ ಅದೇ ಹೊತ್ತಿಗೆ ತೂಕ ನೋಡುವುದನ್ನು ಈ ಎರಡು ವಾರವೂ ಬಿಡಬೇಡಿ. ತಿನ್ನುತ್ತಿರುವಂತೆ ಕಂಡರೂ ತೂಕ ಇಳಿಯುತ್ತಲೇ ಇದ್ದರೆ ಮತ್ತೆ ತೋರಿಸಬೇಕು. ಹೊಲಿಗೆ ಸರಿಯಾಗಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಮೊದಲು ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಡಿ. ನೆಲ ಜಾರುವಂತಿದ್ದರೆ ಚಾಪೆ ಹಾಸಿ. ಗೂಡಿನ ಅಟ್ಟವನ್ನು ಕೊನೆಗೆ ಜೋಡಿಸಿ.